ಮಕ್ಕಳ ಮೀನು ಎಂಬ ಬೋರ್ಡು

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಒಂದೇ ಮೀನಂಗಡಿಯ ಹಿಂಬದಿಯಲ್ಲಿ ನಿಂತು ಮೀನು ಕತ್ತರಿಸಿದಳು. ಅಂಗಡಿಯ ಮುಂಭಾಗದಲ್ಲಿ ಐಸಿನ ಮೇಲೆ ಜೋಡಿಸಿಟ್ಟ ಮೀನು, ತಕ್ಕಡಿ, ನಗುಮುಖದ ಮಾಲೀಕ. ನಡುವೆ ದಪ್ಪ ಪ್ಲಾಸ್ಟಿಕ್ ಪರದೆ. ಪರದೆಯ ಹಿಂದೆ ಉಕ್ಕಿನ ಮೇಜು, ನೀರಿನ ಪೈಪು, ರಬ್ಬರ್ ಬೂಟು ತೊಟ್ಟ ಚಿಕ್ಕಮ್ಮ. ಗಿರಾಕಿಗಳಿಗೆ ಅವಳ ಕೈಕೆಲಸ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಚಿಕ್ಕಪ್ಪನದು ಎದುರು ಬೀದಿಯಲ್ಲಿ ಒಂದೇ ಕುರ್ಚಿಯ ಕ್ಷೌರದಂಗಡಿ. "ನಮ್ಮದು ಕತ್ತರಿಸೋ ಸಂಸಾರ ಕಣ್ರೀ. ಅವಳು ತಲೆನೇ ತೆಗೀತಾಳೆ, ನಾನು ಕೂದಲಿಗೇ ನಿಲ್ಲಿಸ್ತೀನಿ" ಎಂದು ಬಂದವರಿಗೆಲ್ಲ ಹೇಳಿ, ಅವರಿಗಿಂತ ಮೊದಲು ತಾನೇ ನಗುವ ಮನುಷ್ಯ.

ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ಶಾರ್ಕ್. ಆದರೆ ಶಾರ್ಕ್ ಎಂಬ ಹೆಸರಿನಲ್ಲಿ ಒಂದು ತುಂಡೂ ಹೊರಗೆ ಹೋಗುತ್ತಿರಲಿಲ್ಲ. ಅದಕ್ಕೆ ಗಂಟಲಿಗೆ ಸಿಕ್ಕಿಕೊಳ್ಳುವ ಸಣ್ಣ ಮುಳ್ಳುಗಳಿಲ್ಲ. ನಡುವಿನ ಮೆತ್ತನೆಯ ಎಲುಬನ್ನು ತೆಗೆದರೆ ಉಳಿದದ್ದೆಲ್ಲ ಬಿಳಿ ಮಾಂಸ. ಮಾಲೀಕ ಅದನ್ನೇ ಬಂಡವಾಳ ಮಾಡಿಕೊಂಡು ಗೋಡೆಗೆ ಬೋರ್ಡು ಹಾಕಿಸಿದ್ದ: "ಮಕ್ಕಳ ಮೀನು. ಮುಳ್ಳಿಲ್ಲ, ಚಿಂತೆಯಿಲ್ಲ." ತಾಯಂದಿರು ಸಾಲುಗಟ್ಟಿ ನಿಂತು ಕೊಳ್ಳುತ್ತಿದ್ದರು. ಬೆಳಿಗ್ಗೆ ಲಾರಿ ಬಂದ ಕೂಡಲೇ ತಲೆ, ಬಾಲ, ರೆಕ್ಕೆ ಕಡಿದು, ಕೈ ತರಚುವಷ್ಟು ಒರಟಾದ ಚರ್ಮ ಸುಲಿದು, ಅದು ಯಾವ ಪ್ರಾಣಿಯೆಂದು ಹೆತ್ತವರಿಗೂ ಗುರುತು ಸಿಗದಂತೆ ಮಾಡುವುದು ಚಿಕ್ಕಮ್ಮನ ಕೆಲಸ.

ಅವಳಿಗೆ ಒಳಗೊಳಗೇ ಒಂದು ವಿಷಯ ಕೊರೆಯುತ್ತಿತ್ತು. "ನಾನು ಸೇರಿದಾಗ ಒಂದನ್ನ ಮೇಜಿಗೆ ಎತ್ತೋಕೆ ಇಬ್ಬರು ಬೇಕಿತ್ತು. ಈಗ ನಾನೊಬ್ಬಳೇ ಎರಡೆರಡು ಎತ್ಕೊಂಡು ಬರ್ತೀನಿ. ನನಗೇನು ಈ ವಯಸ್ಸಲ್ಲಿ ಶಕ್ತಿ ಬಂದಿದೆಯಾ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು.

ಹೀಗಿರುವಾಗ ಒಂದು ದಿನ, ಬಹುಕಾಲದ ಮೇಲೆ, ದೊಡ್ಡದೊಂದು ಬಂತು. ಹೊಟ್ಟೆ ಬಿರಿಯುವಂತಿತ್ತು. ಚಾಕು ಹಾಕಿದಳು. ಒಳಗಿಂದ ಮರಿಗಳು ಜಾರಿ ಮೇಜಿನ ಮೇಲೆ ಬಿದ್ದವು. ಹನ್ನೊಂದು. ಕಣ್ಣು, ಕಿವಿರು, ರೆಕ್ಕೆ, ಎಲ್ಲವೂ ಮೂಡಿದ್ದವು. ಇನ್ನು ಕೆಲವೇ ದಿನ ಬಿಟ್ಟಿದ್ದರೆ ತಾವಾಗಿ ಈಜುತ್ತಿದ್ದವು.

ಚಿಕ್ಕಮ್ಮ ಮಾಲೀಕನನ್ನು ಕರೆದಳು. ಅವನು ಪರದೆ ಸರಿಸಿ ಇಣುಕಿ ನೋಡಿದ. "ಬಕೆಟ್‌ಗೆ ತಳ್ಳಮ್ಮ. ಬೇಗ ತುಂಡು ಮಾಡಿ ಕೊಡು, ಹೊರಗೆ ಜನ ಕಾಯ್ತಿದ್ದಾರೆ."

ಅದೇ ಹೊತ್ತಿಗೆ ಮುಂದಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು: "ಮಕ್ಕಳ ಮೀನು ಒಂದು ಕಿಲೋ ಕೊಡಿ."

ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಒಂದು ಮರಿ ಹಿಡಿದುಕೊಂಡೇ ಪರದೆ ದಾಟಿ ಹೊರಗೆ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

"ಅಮ್ಮಾ, ನೀವು ಕೇಳ್ತಿರೋದು ಶಾರ್ಕ್. ಇದು ಅದರ ಮರಿ. ಈಗ ತಾನೆ ಹೊಟ್ಟೆಯಿಂದ ತೆಗೆದೆ. ಬೇಕಾ?"

ಆಕೆ ಶಾಲೆಯ ಟೀಚರ್. ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು: "ಮೂರು ವರ್ಷದಿಂದ ನನ್ನ ಮಗಳಿಗೆ ನಾನು ತಿನ್ನಿಸ್ತಿರೋದು ಇದೇನಾ?"

"ಇದೇ."

ಸಾಲು ಕರಗಿತು. ಮಾಲೀಕನ ನಗುಮುಖವೂ ಕರಗಿತು. "ನಿನಗೆ ಸಂಬಳ ಕೊಡ್ತಿರೋದು ಕತ್ತರಿಸೋಕೆ, ಬಾಯಿ ಬಿಡೋಕಲ್ಲ! ಹೆಸರಲ್ಲಿ ಏನಿದೆ? ರುಚಿ ಬದಲಾಗುತ್ತಾ?"

"ಏನೂ ಇಲ್ಲ ಅಂದ್ರೆ ನಿಜವಾದ ಹೆಸರೇ ಬರೀರಿ ಸ್ವಾಮಿ. ಯಾಕೆ ಕೈ ನಡುಗುತ್ತೆ?"

ಅಂದೇ ಅವಳ ಕೆಲಸ ಹೋಯಿತು. ಬೂಟು ಅಂಗಡಿಯದ್ದು, ಅಲ್ಲೇ ಕಳಚಿಟ್ಟು ಬರಿಗಾಲಲ್ಲಿ ರಸ್ತೆ ದಾಟಿ ಚಿಕ್ಕಪ್ಪನ ಅಂಗಡಿಗೆ ಬಂದು ಕೂತಳು. ಅಳಲಿಲ್ಲ. ಕುದಿಯುತ್ತಿದ್ದಳು.

ಮರುದಿನ ಮಾರುಕಟ್ಟೆ ಅಧಿಕಾರಿಯ ಬಳಿಗೆ ಹೋದೆವು, ಅವಳೂ ನಾನೂ. ಅಧಿಕಾರಿ ಚಹಾ ಹೀರುತ್ತಲೇ ದೂರು ಕೇಳಿದರು. "ತೂಕದಲ್ಲಿ ಮೋಸ ಇದೆಯಾ?"

"ಇಲ್ಲ."

"ಕೊಳೆತಿದೆಯಾ?"

"ಇಲ್ಲ. ಸುಳ್ಳು ಹೆಸರಲ್ಲಿ ಮಾರ್ತಿದ್ದಾರೆ."

"ಮೀನನ್ನ ಮೀನು ಅಂತಾನೇ ಮಾರ್ತಿದ್ದಾರಲ್ಲಮ್ಮ, ಕೋಳಿ ಅಂತ ಅಲ್ಲವಲ್ಲ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ನನಗೆ ಆ ಲೋಟ ಕಿತ್ತುಕೊಳ್ಳಬೇಕೆನ್ನಿಸಿತು. ಚಿಕ್ಕಮ್ಮ ಎದ್ದು ನಿಂತು ಸೆರಗು ಕೊಡವಿಕೊಂಡಳು. "ನಡಿ. ಮಾರೋರು ಕೇಳಲ್ಲ, ಕಾಯೋರೂ ಕೇಳಲ್ಲ. ಕೊಳ್ಳೋರಿಗೇ ಹೇಳೋಣ."

ಆ ಟೀಚರೇ ಮನೆ ಹುಡುಕಿಕೊಂಡು ಬಂದರು. ಅವರ ಶಾಲೆಯ ಕ್ಯಾಂಟೀನಿಗೂ ಅದೇ ಮೀನು ಹೋಗುತ್ತಿತ್ತು. ಪೋಷಕರ ಸಭೆಯಲ್ಲಿ ಚಿಕ್ಕಮ್ಮನನ್ನು ನಿಲ್ಲಿಸಿದರು. ಮೈಕು ಕಂಡು ಅವಳ ಮಾತು ತಡವರಿಸಿತು. ಆಗ ಮುಂದಿನ ಸಾಲಿನ ತಂದೆಯೊಬ್ಬರು ಎದ್ದು, "ಸತ್ತ ಮೀನಿಗೆ ಇಷ್ಟು ಗೋಳು ಯಾಕಮ್ಮ? ನೀವೂ ಮೀನು ತಿನ್ನೋರೇ ತಾನೆ?" ಎಂದರು. ಒಳ್ಳೆಯದೇ ಆಯಿತು. ಸಿಟ್ಟು ಬಂದರೆ ನನ್ನ ಚಿಕ್ಕಮ್ಮನಿಗೆ ಮೈಕೇ ಬೇಡ.

"ತಿಂತೀನಪ್ಪ. ಏನು ತಿಂತಿದ್ದೀನಿ ಅಂತ ಗೊತ್ತಿದ್ದು ತಿಂತೀನಿ. ಸಾವಿರಗಟ್ಟಲೆ ಮೊಟ್ಟೆ ಇಡೋ ಮೀನುಗಳಿವೆ, ಅವನ್ನ ತಿನ್ನಿ. ಇದು ದೊಡ್ಡದಾಗೋಕೇ ವರ್ಷಗಟ್ಟಲೆ ಬೇಕು ಅಂತ ಈ ಟೀಚರ್ ಹೇಳಿದ್ರು. ಆಮೇಲೆ ಹೊಟ್ಟೇಲಿ ಮರಿ ಹೊತ್ಕೊಂಡು ತಿಂಗಳುಗಟ್ಟಲೆ ಅಲೀಬೇಕು. ಅದನ್ನ ದಿನಾ ಲಾರಿಗಟ್ಟಲೆ ತಂದ್ರೆ ಏನು ಉಳಿಯುತ್ತೆ? ನಿಮಗೆ ಬೇಕೇಬೇಕು ಅಂತ ಹಠ ಇದೆಯಾ? ಇಲ್ಲ! ಹೆಸರೇ ಗೊತ್ತಿಲ್ಲದ್ದಕ್ಕೆ ಹಠ ಎಲ್ಲಿಂದ ಬರುತ್ತೆ? ಯಾರೂ ಕೇಳದೇ ಇರೋದನ್ನ ನಿಮ್ಮ ಮಕ್ಕಳ ಹೆಸರು ಹೇಳಿ ಮುಗಿಸ್ತಿದ್ದಾರಲ್ಲ, ನಿಮಗೆ ಸಿಟ್ಟು ಬರಲ್ವಾ?"

ಬಂತು. ಮುಂದಿನ ವಾರವೇ ಕ್ಯಾಂಟೀನಿನವರು ಆ ಮೀನು ಬೇಡವೆಂದರು. ಇತ್ತ ಚಿಕ್ಕಪ್ಪನೂ ಸುಮ್ಮನಿರಲಿಲ್ಲ. ಕುರ್ಚಿಗೆ ಬಂದು ಕೂತವರಿಗೆಲ್ಲ ಹನ್ನೊಂದು ಮರಿಗಳ ಕಥೆ. "ಕತ್ತಿನ ಹತ್ರ ಕತ್ತಿ ಇದ್ದಾಗ ಯಾರೂ ಎದುರು ವಾದ ಮಾಡಲ್ಲ" ಎನ್ನುತ್ತಿದ್ದ. ಗಂಡಸರು ಮನೆಗೆ ಹೋಗಿ ಹೆಂಡತಿಯರಿಗೆ ಹೇಳಿದರು. ಹೆಂಡತಿಯರು ಅಂಗಡಿಗೆ ಬಂದು ಮಾಲೀಕನನ್ನು ಕೇಳಿದರು. ತುಂಡುಗಳು ಐಸಿನ ಮೇಲೇ ಉಳಿಯತೊಡಗಿದವು. ಎರಡು ತಿಂಗಳಲ್ಲಿ ಬೋರ್ಡು ಇಳಿಯಿತು. ಈ ಬೀದಿಯ ಅಂಗಡಿಗಳು ಇನ್ನು ಶಾರ್ಕ್ ಬೇಡವೆನ್ನುತ್ತಿವೆ, ದೋಣಿಯವರಿಗೂ ಹಾಗೇ ಹೇಳಿದ್ದೇನೆ ಎಂದು ಲಾರಿ ಚಾಲಕನೇ ಚಿಕ್ಕಪ್ಪನ ಕುರ್ಚಿಯಲ್ಲಿ ಕೂತು ಹೇಳಿದ.

ನಾನು ಖುಷಿಯಿಂದ ಓಡಿಹೋಗಿ ಚಿಕ್ಕಮ್ಮನಿಗೆ ತಿಳಿಸಿದೆ. ಈಗ ಅವಳು ಬೇರೊಂದು ಅಂಗಡಿಯಲ್ಲಿ, ಗಿರಾಕಿಗಳ ಕಣ್ಣೆದುರೇ ಕೂತು, ಸಣ್ಣ ಮೀನು ಶುಚಿ ಮಾಡುತ್ತಾಳೆ.

"ಸಮಾಧಾನ ಆಯ್ತಾ ಚಿಕ್ಕಮ್ಮ?"

"ಎಂಥ ಸಮಾಧಾನ? ಅಷ್ಟು ವರ್ಷ ಗುರುತು ಅಳಿಸಿದ್ದು ಯಾರ ಕೈ? ನಂದೇ ಅಲ್ವಾ? ಅವನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ." ಕೈಯಲ್ಲಿದ್ದ ಮೀನು ಬದಿಗಿಟ್ಟು ಕೇಳಿದಳು: "ದೊಡ್ಡ ರಸ್ತೆಯ ಹೊಸ ಅಂಗಡೀಲಿ, ಫ್ರೀಜರ್‌ನಲ್ಲಿ 'ಸಾಗರದ ಬಿಳಿ ತುಂಡು' ಅಂತ ಪ್ಯಾಕೆಟ್ ಬಂದಿದೆಯಂತೆ. ನೋಡಿದೆಯಾ?"

ನೋಡಿರಲಿಲ್ಲ. ಆ ಸಂಜೆಯೇ ಮೂವರೂ ಹೋದೆವು, ಟೀಚರೂ ಸೇರಿ. ಚಿಕ್ಕಮ್ಮ ಪ್ಯಾಕೆಟ್ಟನ್ನು ದೀಪದ ಕೆಳಗೆ ಹಿಡಿದು, ತುಂಡಿನ ನಡುವೆ ಆ ಮೆತ್ತನೆಯ ಎಲುಬು ಬಿಟ್ಟ ಗುಂಡು ಗುರುತು ನೋಡಿ, ಇದೂ ಶಾರ್ಕೇ ಎಂದು ಖಚಿತ ಮಾಡಿಕೊಂಡು, ಅಂಗಡಿಯವನನ್ನು ಎಲ್ಲರಿಗೂ ಕೇಳುವಂತೆ ಕರೆದಳು.