ಸೌಟು ಮತ್ತು ನೀಲಿ ಕಪ್ಪೆ

ಊರಿನವರೆಲ್ಲ ನೊಣ ಓಡಿಸುತ್ತಾ ಬದುಕಿದರೆ ಕಪ್ಪೆಯಕ್ಕ ನೊಣ ಸಾಕುತ್ತಾ ಬದುಕಿದಳು. ಮೃಗಾಲಯದ ಹಿಂಭಾಗದಲ್ಲಿ ಗಾಜಿನ ಪೆಟ್ಟಿಗೆಗಳ ಸಾಲಿರುವ, ಯಾವಾಗಲೂ ಬೆವರು ಇಳಿಯುವ ಕೋಣೆ ಅವಳದು. ಬಾಳೆಹಣ್ಣು ಕಿವುಚಿ ಹಾಕಿದ ಬಾಟಲಿಗಳಲ್ಲಿ ಎಳ್ಳಿನಷ್ಟು ಸಣ್ಣ ನೊಣ ಬೆಳೆಸಬೇಕು, ಅವನ್ನು ಕಪ್ಪೆಗಳಿಗೆ ಉದುರಿಸಬೇಕು, ಗಾಜು ಒರೆಸಬೇಕು, ಪಾಚಿಗೆ ನೀರು ಚಿಮುಕಿಸಬೇಕು, ಆಗಾಗ ಕಪ್ಪೆಗಳನ್ನು ತೂಗಬೇಕು. ಆಗದ ಕೆಲಸಕ್ಕೆ ಜನ ‘ಕಪ್ಪೆ ತೂಗಿದ ಹಾಗೆ’ ಅನ್ನುತ್ತಾರಲ್ಲ, ಅವಳಿಗೆ ಅದಕ್ಕೇ ಸಂಬಳ. ಕಪ್ಪೆಯಕ್ಕ ಎಂದು ಹೆಸರಿಟ್ಟವನು ಪಕ್ಕದ ಹಾವಿನ ಮನೆ ನೋಡಿಕೊಳ್ಳುವ ಮುದುಕ. ಅವನನ್ನು ಹಾವಪ್ಪ ಎಂದು ಕರೆದು ಅವಳು ಲೆಕ್ಕ ಚುಕ್ತಾ ಮಾಡಿದ್ದಳು.

ನೋಡಲು ಬಂದವರು ಗಾಜಿಗೆ ಮೂಗು ಒತ್ತಿ ನಿಂತುಬಿಡುತ್ತಿದ್ದರು. ಉಗುರಿನಷ್ಟೇ ಇರುವ ಕೆಂಪು ಕಪ್ಪೆ, ಕರಿ ಮೈಗೆ ಹಳದಿ ಪಟ್ಟೆ ಬಳಿದುಕೊಂಡ ಕಪ್ಪೆ, ಒಂದು ಕಣ್ಣು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಿಸುವ ಗೋಸುಂಬೆ. ಆದರೆ ಎಲ್ಲರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನೀಲಿ ಕಪ್ಪೆಯ ಮುಂದೆ. ಅಂಥ ನೀಲಿಯನ್ನು ಯಾವ ಸೀರೆ ಅಂಗಡಿಯಲ್ಲೂ ಕಂಡಿಲ್ಲ ಎಂದು ಅವಳೇ ಎಷ್ಟೋ ಸಲ ಹೇಳಿಕೊಂಡಿದ್ದಳು.

“ಮುಟ್ಟಿದ್ರೆ ಸತ್ತೇ ಹೋಗ್ತೀವಾ?” ಎಂದು ಯಾರಾದರೂ ಕೇಳುತ್ತಿದ್ದರು.

“ಕಾಡಲ್ಲಿ ಹುಳ, ಇರುವೆ ತಿಂದು ಬೆಳೆದವಕ್ಕೆ ವಿಷ. ಇವು ನನ್ನ ನೊಣ ತಿಂದು ಬೆಳೆದವು. ಬಣ್ಣ ಒಂದೇ ಉಳಿದಿರೋದು.”

ಕೇಳಿದವರ ಮುಖ ಸಣ್ಣದಾಗುತ್ತಿತ್ತು. ಇಲ್ಲಿ ಅಪಾಯವೇನಿದ್ದರೂ ಮನುಷ್ಯನ ಕೈಯಿಂದ ಕಪ್ಪೆಗೆ ಎಂಬುದನ್ನು ಅವಳು ಹೇಳಲು ಹೋಗುತ್ತಿರಲಿಲ್ಲ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುವ ಜೀವ. ಕೈಗೆ ಸೋಪು, ಎಣ್ಣೆ, ಮುಲಾಮು ಏನೇ ಅಂಟಿದ್ದರೂ ಅದರ ಮೈಯೊಳಗೆ ಇಳಿಯುತ್ತದೆ. ಹಾಗಾಗಿ ಈ ಕೋಣೆಗೆ ಕಾಲಿಟ್ಟ ದಿನದಿಂದ ಅವಳು ಕೈಗೆ ಏನನ್ನೂ ಸೋಕಿಸಿದವಳಲ್ಲ. ಬೆರಳು ಬಿರುಕು ಬಿಟ್ಟು ರಕ್ತ ಜಿನುಗಿದರೂ ನೀರಲ್ಲಿ ತೊಳೆದು ಸುಮ್ಮನಾಗುತ್ತಿದ್ದಳು.

ಈ ನೇಮದ ಬಿಸಿ ತಟ್ಟಿದ್ದು ಮನೆಯಲ್ಲಿ ಅತ್ತೆಗೆ. ಗಂಡ ಸರಕು ಲಾರಿಯ ಚಾಲಕ, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಎರಡು ಕೋಣೆಯ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ವಿಪರೀತ ಕಾಲುನೋವು. ದಿನಾ ಮುಲಾಮು ತಿಕ್ಕಬೇಕು, ಅದು ಕೈಗೆ ತಾಗಬಾರದು. ಅವಳು ಮರದ ಸೌಟಿಗೆ ಬಟ್ಟೆ ಸುತ್ತಿ, ಅದರಲ್ಲೇ ತಿಕ್ಕುತ್ತಿದ್ದಳು.

“ಕಪ್ಪೆಗೆ ಕೈ, ನನಗೆ ಸೌಟು. ಅತ್ತೆಗೊಂದು ಕಾಲ ಅಂತಾರೆ, ಆ ಕಾಲ ಯಾವಾಗ ಬಂದು ಹೋಯ್ತೋ ನನಗಂತೂ ಕಾಣಲಿಲ್ಲ,” ಎಂದು ಅತ್ತೆ ಪಕ್ಕದ ಮನೆಗೂ ಕೇಳುವಂತೆ ಹೇಳುತ್ತಿದ್ದರು. ಸೊಸೆ ಸೌಟು ಆಡಿಸುತ್ತಲೇ ಇರುತ್ತಿದ್ದಳು. ವಯಸ್ಸಾದಂತೆ ಅತ್ತೆಯ ನಾಲಿಗೆಯೂ ಆ ಕಪ್ಪೆಗಳ ಹಾಗೆಯೇ ಆಗಿತ್ತು, ವಿಷ ಹೋಗಿ ಬಣ್ಣ ಉಳಿದಿತ್ತು. ಆದರೂ ದಿನವಿಡೀ ನಿಂತು ದುಡಿದು ಬಂದವಳಿಗೆ ಆ ಮಾತು ಚುಚ್ಚುತ್ತಿತ್ತು.

ಆ ವರ್ಷ ನೀಲಿ ಗಂಡು ಮೊದಲ ಸಲ ಅಪ್ಪನಾಗಿತ್ತು. ಮೊಟ್ಟೆ ಒಡೆದ ಮೇಲೆ ಅದು ಮರಿಗಳನ್ನು ಒಂದೊಂದಾಗಿ ಬೆನ್ನಿಗೇರಿಸಿಕೊಂಡು, ಎಲೆಯ ಮರೆಯಲ್ಲಿ ಅವಳಿಟ್ಟ ಬಟ್ಟಲು ನೀರಿಗೆ ತಲುಪಿಸುತ್ತಿತ್ತು. ಅಷ್ಟು ದಿನ ನೊಣ ಸಾಕಿದ್ದು ಸಾರ್ಥಕವಾಯಿತು ಅನ್ನಿಸಿದ್ದು ಅವಳಿಗೆ ಅದನ್ನು ನೋಡಿದಾಗಲೇ. ಇನ್ನು ಸಾಗಿಸಲು ಉಳಿದದ್ದು ಒಂದೇ ಮರಿ.

ಅಂದು ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ ಅತ್ತೆ ಚೀರಿದರು. ಮೀನಖಂಡ ಹಿಡಿದುಕೊಂಡು, ಕಾಲು ಕಲ್ಲಾಗಿ, ಉಸಿರು ಸಿಕ್ಕಿಕೊಂಡಿತ್ತು. ಸೌಟು ಹುಡುಕುವಷ್ಟು ವ್ಯವಧಾನ ಎಲ್ಲಿ? ಅವಳು ಮುಲಾಮನ್ನು ಬರಿಗೈಗೆ ಸುರಿದುಕೊಂಡು ತಿಕ್ಕಿದಳು. ನೋವು ಇಳಿದ ಮೇಲೂ ಅತ್ತೆ ಅವಳ ಕೈ ಬಿಡಲಿಲ್ಲ. ಅಂಗೈ ತಿರುಗಿಸಿ ಬಿರುಕುಗಳನ್ನು ನೋಡಿದರು.

“ಇದೇನೇ, ಹೀಗಾಗಿದೆ ನಿನ್ನ ಕೈ!”

“ಹೊತ್ತಾಯ್ತು ಅತ್ತೆ, ಬಿಡಿ.”

ಅವಳು ಕೈ ತೊಳೆದಳು, ಮತ್ತೆ ತೊಳೆದಳು. ದಾರಿಯುದ್ದಕ್ಕೂ ಬೆರಳಿನಲ್ಲಿ ಮುಲಾಮಿನ ವಾಸನೆ. ಬಿರುಕಿನೊಳಗೆ ಇಳಿದದ್ದು ನೀರಿಗೆ ಬಿಡಲಿಲ್ಲ. ಇವತ್ತು ಯಾವುದನ್ನೂ ಮುಟ್ಟುವುದು ಬೇಡ, ನೀರು ಚಿಮುಕಿಸಿ ನೊಣ ಉದುರಿಸಿದರೆ ಸಾಕು ಎಂದುಕೊಂಡಳು. ಆದರೆ ಮುಟ್ಟಬಾರದು ಎಂಬುದು ಮನಸ್ಸಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಗಾಜಿನ ಬಾಗಿಲು ಸರಿಸಿದ್ದೇ ತಡ, ನೀಲಿ ಹೊರಕ್ಕೆ ಹಾರಿತು. ಕೆಳಗೆ ಸಿಮೆಂಟಿನ ನೆಲ. ಅವಳ ಕೈ ತಾನಾಗಿ ಚಾಚಿ ಅದನ್ನು ಹಿಡಿದುಬಿಟ್ಟಿತು. ಅಂಗೈಯಲ್ಲಿ ಅದು ಕುಳಿತಿತ್ತು, ಬೆನ್ನ ಮೇಲೆ ಕೊನೆಯ ಮರಿ ಅಂಟಿಕೊಂಡಿತ್ತು.

ಅದನ್ನು ಶುದ್ಧ ನೀರಿನ ಡಬ್ಬಿಗಿಳಿಸಿದಳು. ನೀರು ಬದಲಿಸಿದಳು. ವೈದ್ಯರು ಬಂದು ನೋಡಿ, ಕಾಯುವುದು ಬಿಟ್ಟು ಬೇರೇನೂ ಇಲ್ಲ ಎಂದು ಹೋದರು. ಹಾವಪ್ಪ ಅವಳ ಪಾಲಿನ ಕೆಲಸವನ್ನೂ ಮಾಡಿ, ಯಾವ ತಮಾಷೆಯನ್ನೂ ಮಾಡದೆ ಪಕ್ಕದಲ್ಲಿ ಕುಳಿತ. ಮಧ್ಯಾಹ್ನ ನೀಲಿಯ ಹಿಂಗಾಲುಗಳು ಸೆಟೆದುಕೊಂಡವು. ಸಂಜೆಗೆ ಮರಿ ಬೆನ್ನಿನಿಂದ ಜಾರಿ ನೀರಲ್ಲಿ ಬಾಲ ಆಡಿಸುತ್ತಿತ್ತು. ಅಪ್ಪ ಅಲುಗಲಿಲ್ಲ.

ಮನೆಗೆ ಬಂದವಳು ದೀಪವನ್ನೂ ಹಾಕದೆ ಬಾಗಿಲ ಬಳಿಯೇ ಕುಳಿತಳು.

“ಯಾಕೇ, ಹೀಗೆ ಕೂತೆ?” ಅತ್ತೆ ಕೇಳಿದರು.

“ನೀಲಿ ಕಪ್ಪೆ ಹೋಯ್ತು.”

“ಏನಾಗಿತ್ತು ಅದಕ್ಕೆ?”

“ವಯಸ್ಸಾಗಿತ್ತು, ಅತ್ತೆ.”

ಸುಳ್ಳು ಹೇಳಲೂ ಅವಳಿಗೆ ಸುಸ್ತಾಗಿತ್ತು. ಕಪ್ಪೆಯಕ್ಕ ಎದ್ದು ದೀಪ ಹಾಕಿ, ಏನೂ ಆಗದವಳಂತೆ ಮುಲಾಮಿನ ಸೀಸೆ ತೆಗೆದುಕೊಂಡು, ಸೌಟಿಗಾಗಿ ಕೈ ಹಾಕಿದಳು. ಸೌಟು ಅದರ ಜಾಗದಲ್ಲಿರಲಿಲ್ಲ.

ಅದು ಅತ್ತೆಯ ಮಡಿಲಲ್ಲಿತ್ತು. ತಮ್ಮ ಹಳೆಯ ಸೀರೆಯ ಮೆತ್ತನೆ ಸೆರಗು ಹರಿದು ಅದಕ್ಕೆ ಸುತ್ತುತ್ತಿದ್ದರು. ಗಂಟು ಬಿಗಿದು ಅವಳ ಕಡೆ ಚಾಚಿದರು.

“ತಗೋ, ಇದರಲ್ಲೇ ತಿಕ್ಕು. ಆ ಮರಿಗೆ ನಾಳೆ ನೀನೇ ಬೇಕಲ್ಲ,” ಎಂದರು. “ನನಗೆ ಒಂದು ಸಲ ಸಿಕ್ತಲ್ಲ ನಿನ್ನ ಕೈ, ಅಷ್ಟು ಸಾಕು.”

ಮರಿಯ ವಿಷಯ ಅವಳು ಮೊದಲೇ ಎಂದಾದರೂ ಹೇಳಿದ್ದಿರಬೇಕು, ತಿಕ್ಕುತ್ತಾ ತಿಕ್ಕುತ್ತಾ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡು.