ತಾಳಿಯ ಹವಳ ಬಿಳಚಿದಾಗ

ಅಕ್ಕನ ತಾಳಿಯ ಹವಳ ಬಿಳಚಿಕೊಂಡ ಸುದ್ದಿ ಆದೋನಿಗೆ ಮುಟ್ಟಿದಾಗ ನಾನು ರಜೆಗೆಂದು ಮನೆಯಲ್ಲಿದ್ದೆ. ಐವತ್ತರ ದಶಕದ ನಡುವಿನ ಮಾತು. ನಾನು ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ನಮ್ಮ ಓಣಿಯವರ ಬಾಯಲ್ಲಿ ಅದು ಕಪ್ಪೆ ಕೊಯ್ಯುವ ಓದು. ಅಕ್ಕನನ್ನು ಎಮ್ಮಿಗನೂರಿನ ನೇಕಾರರ ಮನೆಗೆ ಕೊಟ್ಟಿದ್ದರು. ಈಗ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಕರೆತರಲು ಅವ್ವ ಹೊರಟು ನಿಂತಿದ್ದಳು, ಅಷ್ಟರಲ್ಲಿ ಅಕ್ಕನ ಅತ್ತೆ ಹೇಳಿ ಕಳಿಸಿದರು: ಹವಳಕ್ಕೆ ಬಣ್ಣ ಬರುವ ತನಕ ಸೊಸೆಯನ್ನು ಕಳಿಸುವುದಿಲ್ಲ.

ನಮ್ಮ ಕಡೆ ತಾಳಿಯ ಜೊತೆ ಪೋಣಿಸಿದ ಹವಳ ಬಿಳಚಿದರೆ ಗಂಡನಿಗೆ ಕೇಡು ಕಾದಿದೆ ಎಂದು ಹೆಂಗಸರು ಹೆದರುತ್ತಿದ್ದರು. ಅವ್ವ ಒಲೆಯ ಮುಂದೆಯೇ ಕುಸಿದು ಕೂತಳು. "ಅಳಿಯಗ ಏನಾರ ಆದ್ರ ನನ್ನ ಮಗಳ ಗತಿ ಏನಪ್ಪಾ? ನೀನರ ಹೋಗಿ ನೋಡ್ಕಂಡು ಬಾ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಸತ್ತ ಹವಳಕ್ಕೆ ಯಾರ ಆಯುಷ್ಯ ಏನು ಗೊತ್ತು? ಹಾಗೆ ಗೊಣಗುತ್ತಲೇ ಎಮ್ಮಿಗನೂರಿನ ಬಸ್ಸು ಹತ್ತಿದೆ. ಆದರೆ ದಾರಿಯುದ್ದಕ್ಕೂ ಭಾವನ ಮುಖವೇ ಕಣ್ಣ ಮುಂದೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಹೋಗಿ ನೋಡಿದರೆ ಭಾವ ಗುಂಡುಕಲ್ಲಿನಂತೆ ಕೂತಿದ್ದರು! ಮಗ್ಗಕ್ಕೆ ಕೂರಲು ಬಿಡದೆ ಅವರಮ್ಮ ಅವರನ್ನು ಹೊರಸಿನ ಮೇಲೆ ಕೂರಿಸಿ, ಹೊತ್ತು ಹೊತ್ತಿಗೆ ತುಪ್ಪ, ಹಾಲು, ಮೊಟ್ಟೆ ತಿನ್ನಿಸುತ್ತಿದ್ದರು. ಮಂತ್ರಾಲಯಕ್ಕೂ ಕರೆದೊಯ್ದು ಬಂದಿದ್ದರಂತೆ. "ನೋಡಪ್ಪಾ, ನನ್ನನ್ನ ಕೂಸು ಮಾಡಿಟ್ಟಾಳ ನಮ್ಮವ್ವ" ಎಂದು ಭಾವ ನಾಚಿ ನಕ್ಕರು. ಅಕ್ಕ ಒಳಗೆ ನೂಲು ಸುತ್ತುವ ಕದಿರು ತಿರುಗಿಸುತ್ತಿದ್ದಳು. ಗಂಡನ ಆಯುಷ್ಯಕ್ಕೆಂದು ಅತ್ತೆ ಅವಳಿಗೆ ಸೋಮವಾರ, ಗುರುವಾರ, ಶನಿವಾರ ಉಪವಾಸ ಹಿಡಿಸಿದ್ದರು. ಬಸುರಿ ಹೆಂಗಸಿಗೆ!

ನಾನು ಅತ್ತೆಗೆ ಪಾಠ ಹೇಳಲು ಕೂತೆ. ಹಿಂದಿನ ವರ್ಷ ನಮ್ಮ ಮೇಷ್ಟ್ರು ನಮ್ಮನ್ನು ರಾಮೇಶ್ವರದ ಕಡೆಯ ಸಮುದ್ರಕ್ಕೆ ಕರೆದೊಯ್ದಿದ್ದರು. ನೀರು ಇಳಿದಾಗ ಮೊಣಕಾಲುದ್ದದ ನೀರಲ್ಲಿ ನಿಂತು ಜೀವಂತ ಹವಳದ ದಿಬ್ಬ ನೋಡಿದ್ದೆವು. ಕಂದು, ಹಸಿರು, ಜೇನಿನ ಬಣ್ಣ. ನಡುನಡುವೆ ಮಾತ್ರ ಅಚ್ಚ ಬಿಳಿಯ ತೇಪೆಗಳು. ಆ ಸಲ ಮಳೆ ಹುಚ್ಚಾಪಟ್ಟೆ ಸುರಿದು ಸಿಹಿನೀರು ಸಮುದ್ರಕ್ಕೆ ನುಗ್ಗಿ ಅವಕ್ಕೆ ರೋಗ ಬಂದಿತ್ತು. ಹವಳ ಒಂದು ಪ್ರಾಣಿ, ಸುಣ್ಣದ ಮನೆ ತಾನೇ ಕಟ್ಟಿಕೊಳ್ಳುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಅದರ ಬಣ್ಣವೆಲ್ಲ ಮೈಯೊಳಗೆ ವಾಸವಾಗಿರುವ, ಕಣ್ಣಿಗೆ ಕಾಣದ ಪಾಚಿಯದು. ಹವಳಕ್ಕೆ ಬಹುಪಾಲು ಊಟ ಹಾಕುವುದೂ ಆ ಪಾಚಿಯೇ. ಸಂಕಟ ಬಂದರೆ ಪಾಚಿ ಹೊರಬಿದ್ದು ಹವಳ ಬಿಳಚುತ್ತದೆ. "ಸತ್ತಿಲ್ಲ ಕಣ್ರಯ್ಯಾ, ಹಸಿದಿದೆ. ನೀರು ಬೇಗ ಸರಿಹೋದರೆ ಉಳಿದೀತು" ಎಂದಿದ್ದರು.

ಇದೆಲ್ಲ ಅತ್ತೆಗೆ ಹೇಳಿ, "ತಾಳಿ ಹವಳ ಅದರ ದೂರದ ನೆಂಟ ಅತ್ತಿ. ಸತ್ತು ಯಾವ ಕಾಲಾತೋ, ಅದು ಭವಿಷ್ಯ ಹೇಳತೈತೇನು?" ಎಂದೆ. ಅತ್ತೆ ಕೈಮುಗಿದರು. "ನಿನ್ನ ಸಮುದ್ರ ನಿನಗಿರಲಪ್ಪಾ. ನನಗಿರೋನು ಒಬ್ಬನೇ ಮಗ." ನಾನು ಪಾಠ ಮುಗಿಸಿ ಎದ್ದೆ.

ಅಕ್ಕನ ಹತ್ತಿರ ಹೋಗಿ ಕೂತೆ. ಚಿಂತೆ ಹತ್ತಿದರೆ ಸರದ ತುದಿ ಬಾಯಲ್ಲಿಟ್ಟುಕೊಳ್ಳುವುದು ಅವಳ ಹಳೆಯ ಚಾಳಿ. ಈಗಲೂ ತಾಳಿ ಬಾಯಲ್ಲೇ ಇತ್ತು, ದವಡೆಯಲ್ಲಿ ಹುಣಸೆಹಣ್ಣಿನ ಉಂಡೆ. ನನಗೆ ತಟ್ಟನೆ ಹೊಳೆಯಿತು. ಹವಳವೆಂದರೆ ಸುಣ್ಣ, ಹುಳಿ ಸುಣ್ಣವನ್ನು ತಿನ್ನುತ್ತದೆ. "ಅಕ್ಕಾ, ನಿನ್ನ ಹುಣಸಿಹಣ್ಣಿಂದೇ ಈ ರಾದ್ಧಾಂತ!" ಎಂದೆ. ಅವಳು ಗಾಬರಿಯಾಗಿ ನನ್ನ ಬಾಯಿ ಮುಚ್ಚಿದಳು. "ಹೇಳಬ್ಯಾಡೋ ತಮ್ಮಾ. ಬಸುರಿ ಹುಣಸಿಹಣ್ಣು ತಿಂದ್ರ ಕೂಸಿಗೆ ಕೆಮ್ಮು ಹತ್ತತೈತಂತ ಅತ್ತಿ ಬೈತಾರ. ಆದ್ರ ನನಗ ಮಣ್ಣು, ಹುಳಿ ಬಿಟ್ರ ಬ್ಯಾರೆ ಏನೂ ಬೇಕನ್ಸವಲ್ದು." ಹೇಳಿ ನಕ್ಕಳು. ನಕ್ಕಾಗ ಅವಳ ನಾಲಿಗೆ ಕಂಡಿತು. ರಕ್ತವೇ ಇಲ್ಲ. ನನ್ನ ಬಾಯಿ ಮುಚ್ಚಿದ್ದ ಅವಳ ಕೈ ಹಿಡಿದು ನೋಡಿದೆ, ಉಗುರುಗಳೂ ಬಿಳಿ. ಹವಳ ಬಿಳಚಿತೆಂದು ಊರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದರೆ ಇಲ್ಲಿ ಬಿಳಚಿದ್ದು ಇವಳು, ಹಸಿದದ್ದು ಇವಳು!

"ಅತ್ತೀ, ಇವತ್ತೇ ಅಕ್ಕನ್ನ ಆಸ್ಪತ್ರಿಗೆ ಒಯ್ತೀನಿ" ಎಂದು ಕೂಗಿದೆ. "ಬಸುರಿ ಅಂದಮ್ಯಾಲೆ ಸೊರಗಾದೇ. ಶನಿವಾರ ಕಳೀಲಿ" ಎಂದರು. ಅಷ್ಟರಲ್ಲಿ ನನಗೆ ನೀರು ತರಲು ಎದ್ದ ಅಕ್ಕ ಹೊಸ್ತಿಲ ಮೇಲೆ ಬಿದ್ದಳು. ತಂಬಿಗೆ ಉರುಳಿಹೋಯಿತು. ಆಮೇಲೆ ಯಾರೂ ಶನಿವಾರದ ಮಾತೆತ್ತಲಿಲ್ಲ. ಭಾವ ಅವಳನ್ನು ಎತ್ತಿಕೊಂಡೇ ಬಸ್ ನಿಲ್ದಾಣಕ್ಕೆ ಓಡಿದರು, ಹಿಂದೆ ನಾನು, ಅತ್ತೆ.

ಆದೋನಿ ಬರುವವರೆಗೆ ನಾನು ಅವಳ ಉಸಿರನ್ನೇ ನೋಡುತ್ತ ಕೂತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕೊಡದಿದ್ದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ ಎಂದರು. ನನ್ನದನ್ನು ಪರೀಕ್ಷೆ ಮಾಡಿದರು, ಹೊಂದಲಿಲ್ಲ. ಭಾವನದು ಹೊಂದಿತು. ಅತ್ತೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

"ವದ್ದಮ್ಮಾ, ವದ್ದು, ಬ್ಯಾಡ! ಹವಳ ಹೇಳಿದ್ದು ಇದನ್ನ! ನನ್ನ ಮಗನ ರಕ್ತ ತಗೀಬ್ಯಾಡ್ರಿ, ಬೇಕಂದ್ರ ನಂದು ತಗೋರಿ!" ಬೈಯಬೇಕೆಂದು ಹೋದವನು ಹಿಂದೆ ಸರಿದೆ. ಆ ಭಯ ನಿಜವಾದದ್ದು. ಒಳಗೆ ಅಕ್ಕ ಅಲುಗಾಡದೆ ಮಲಗಿದ್ದಳು.

ಭಾವ ತಾಯಿಯ ಕೈಯನ್ನು ಮೆಲ್ಲಗೆ ಚೌಕಟ್ಟಿನಿಂದ ಬಿಡಿಸಿದರು. "ಅವ್ವಾ, ಇಷ್ಟು ದಿನ ಆಕಿ ಪಾಲಿಂದೂ ನಾನೇ ಉಂಡೀನಿ. ಅತ್ಲಾಗ ಸರಿ" ಎಂದು ಒಳಗೆ ಹೋಗಿ ತೋಳು ಚಾಚಿ ಮಲಗಿದರು.

ಮರುದಿನ ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟಳು. ಅವ್ವ ಇದ್ದಳು, ನಾನಿದ್ದೆ. ಅವಳು ಹುಡುಕಿದ್ದು ಅತ್ತೆಯನ್ನು. "ಅವ್ರು ಹೆಂಗದಾರ ಅತ್ತೀ?" ಎಂದು ಕೇಳಿದಳು.

ಅತ್ತೆ ಮಂಚದ ಅಂಚಿಗೆ ಬಂದು ಕೂತರು. ಸೊಸೆಯ ಕೈ ಹಿಡಿದು ಉಗುರು ನೋಡಿದರು.

"ಅವಗೇನಾಗೇತಿ, ಚೆಂದಾಗದಾನ. ನೀ ಹೆಂಗದೀ ಹೇಳವ್ವಾ."