ಮಾನ್ವಿಯಲ್ಲಿ ಹುಟ್ಟಿದ ಅರಬ

ಮೊನ್ನೆ ಮೊಮ್ಮಗಳಿಗೆ ಕೆಮ್ಮು ಹತ್ತಿತ್ತು. ಸೊಸೆ ಕಾಫಿಗೆ ಒಣಶುಂಠಿ ಜಜ್ಜಿ ಹಾಕಿ ಕುದಿಸಿದಳು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಖಜಾನೆ ಜಮಾದಾರ ನೆನಪಾದ. ಆಗ ರಾಯಚೂರಿನಲ್ಲಿ ಕಾಫಿ ಕುಡಿಯುವವರೇ ಕಡಿಮೆ. ಹಾಲಿಲ್ಲದೆ, ಶುಂಠಿ ಹಾಕಿ ಕುಡಿಯುತ್ತಿದ್ದವನು ನಾನು ಕಂಡವರಲ್ಲಿ ಅವನೊಬ್ಬನೇ. ನನಗೂ ಒಮ್ಮೆ ಕೊಟ್ಟಿದ್ದ. ಅವನ ಎದುರಿಗೇ ಉಗುಳಿದ್ದೆ.

ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಬರೆಯಲು ಕೈ ತಿರುಗುವುದಿಲ್ಲ. ಆದರೆ ಅವನ ವಿಷಯ ಬಲ್ಲವರು ಇನ್ನು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜಾಮನ ಕಾಲದಲ್ಲಿ ಖಜಾನೆ ಬಾಗಿಲಿಗೆ ಅರಬರನ್ನು ಕಾವಲಿಗೆ ನಿಲ್ಲಿಸುತ್ತಿದ್ದರು. ಸಮುದ್ರದಾಚೆ ಹದ್ರಮೌತ್ ಎಂಬ ಸೀಮೆಯಿಂದ ಬಂದ ಮಂದಿ. ಲುಂಗಿ, ಅಗಲವಾದ ಚರ್ಮದ ಪಟ್ಟಿ, ಅದರಲ್ಲಿ ಸಿಕ್ಕಿಸಿದ ಡೊಂಕು ಕತ್ತಿ. ಆ ಕಾವಲಿನವರ ಮುಖ್ಯಸ್ಥನೇ ಜಮಾದಾರ, ಅವನೂ ಹಾಗೆಯೇ ನಿಲ್ಲುತ್ತಿದ್ದ. ತಾನು ಹಡಗು ಹತ್ತಿ ಬಂದವನು ಎಂದು ಊರಿಗೆಲ್ಲ ಹೇಳಿದ್ದ. ಹಡಗು ಹತ್ತಿ ಬಂದವನಿಗೇ ಮರ್ಯಾದೆ. ಇಲ್ಲಿಯ ಹೆಣ್ಣಿಗೆ ಹುಟ್ಟಿದವನನ್ನು ಅರಬರೇ ಅರ್ಧ ಆಳು ಎಂದು ನೋಡುತ್ತಿದ್ದರು.

ಅವನು ಹುಟ್ಟಿದ್ದು ಮಾನ್ವಿಯಲ್ಲಿ. ಅಪ್ಪ ಅರಬನೇ, ಅದು ಸುಳ್ಳಲ್ಲ. ಅವ್ವ ಮಾತ್ರ ಅಲ್ಲಿಯ, ಊರ ಹೊರಗಿನ ನಮ್ಮ ಮಂದಿಯ ಕೇರಿಯವಳು, ನನ್ನ ಅಜ್ಜಿಯ ಚಿಕ್ಕವ್ವನ ಮಗಳು. ಅವನ ಹೊಕ್ಕುಳಬಳ್ಳಿ ಕೊಯ್ದದ್ದು ನನ್ನ ಅಜ್ಜಿ. ಈ ಸಂಗತಿ ರಾಯಚೂರಿನಲ್ಲಿ ಅವನಿಗೂ ಅಜ್ಜಿಗೂ ಮಾತ್ರ ಗೊತ್ತಿತ್ತು, ಮೂರನೆಯವಳು ನಾನು.

ಹೊತ್ತು ಮುಳುಗಿದ ಮೇಲೆ ಅಜ್ಜಿ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಖಜಾನೆಯ ಹಿಂದಿನ ಗೋಡೆಯ ಬಳಿ ಹೋಗುತ್ತಿದ್ದಳು. ಅಲ್ಲಿ ಕೂತು ತಿನ್ನುವಾಗ ಅವನು ಅವಳನ್ನು 'ದೊಡ್ಡವ್ವಾ' ಎನ್ನುತ್ತಿದ್ದ. ಹಗಲಲ್ಲಿ, ನಾಲ್ಕು ಜನರೆದುರು, 'ಏ ಮುದುಕಿ, ಸರಿ ಅತ್ತ' ಎನ್ನುತ್ತಿದ್ದ. ಅಜ್ಜಿ ಸರಿದು ನಿಲ್ಲುತ್ತಿದ್ದಳು. ಯಾಕೆ ಸಹಿಸಿದಳೋ... ನಾನಾಗಿದ್ದರೆ ಸಹಿಸುತ್ತಿರಲಿಲ್ಲ.

ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ರೇಡಿಯೋ ಇತ್ತು. ಅಜ್ಜಿ ಹೋಟೆಲಿನ ಮುಂದೆ ಕಸ ಗುಡಿಸುತ್ತಿದ್ದಳು, ನಾನು ಜೊತೆಗಿರುತ್ತಿದ್ದೆ. ನಲವತ್ತೆಂಟರ ಬೇಸಿಗೆಯಲ್ಲಿ ಪ್ಯಾಲೆಸ್ತೀನಿನ ಯುದ್ಧದ ಸುದ್ದಿ ದಿನವೂ ಬರುತ್ತಿತ್ತು. ಊರಿನವರು ಜಮಾದಾರನನ್ನು ಮುತ್ತಿಕೊಳ್ಳುತ್ತಿದ್ದರು.

"ಏನ್ರಿ ಜಮಾದಾರ್ ಸಾಬ್, ನಿಮ್ಮ ಅಷ್ಟೂ ರಾಜರು ಕೂಡಿ ಹೋದ್ರೂ ಒಂದು ಸಣ್ಣ ಸೀಮಿ ಗೆಲ್ಲಾಕ ಆಗವಲ್ದಲ್ಲ?" ಎಂದು ಅಕ್ಕಿ ಗಿರಣಿಯ ಸಾಹುಕಾರ ಕೆಣಕಿದ.

"ಕೂಡಿ ಎಲ್ಲಿ ಹೋಗ್ಯಾರ್ರಿ? ಒಬ್ಬೊಬ್ಬನ ಕಣ್ಣು ಬಾಜೂಕಿನ ರಾಜನ ನೆಲದ ಮ್ಯಾಲ ಅದ. ಇಂಗ್ಲಿಷರು ಏಡನ್ ಬಂದರದಾಗ ಕುಂತು ನಮ್ಮ ಸುಲ್ತಾನನ ಕಿವಿ ಹಿಂಡ್ತಾರ. ನಾ ನೋಡಿ ಬಂದಾಂವ, ನನಗ ಹೇಳ್ತೀರೇನು?"

ಜನ ತಲೆಯಾಡಿಸಿದರು. ಅಜ್ಜಿ ಪೊರಕೆ ಹಿಡಿದೇ ಮುಸಿಮುಸಿ ನಕ್ಕಳು. ಆ ಸಂಜೆ ಗೋಡೆಯ ಹಿಂದೆ, "ಲೇ, ಏಡನ್ ಮಾನ್ವಿ ಅಗಸಿ ಬಾಗಿಲದಿಂದ ಎಷ್ಟು ದೂರ ಆಕ್ಕೈತಲೇ?" ಎಂದು ಕೇಳಿದಳು. ಅವನೂ ನಕ್ಕ. ಆಮೇಲೆ ಗಂಭೀರನಾದ. ಹೊಸದಾಗಿ ಬಂದ ಅರಬನೊಬ್ಬ ಅವನಿಗೆ ಬೇರೆಯೇ ಸುದ್ದಿ ಹೇಳಿದ್ದನಂತೆ.

"ಅಲ್ಲಿ ಮಳಿ ಇಲ್ಲಂತ ದೊಡ್ಡವ್ವಾ. ಪರದೇಶದಿಂದ ರೊಕ್ಕ ಬರೋದು ನಿಂತೈತಂತ. ಮಂದಿ ಖರ್ಜೂರದ ಬೀಜ ಕುಟ್ಟಿ ತಿನ್ನಾಕತ್ತಾರಂತ."

"ನಿನಗ್ಯಾಕ ಆ ಚಿಂತಿ? ರೊಟ್ಟಿ ತಿನ್ನು."

ಅಂದರೆ ಅಲ್ಲಿ ಏನಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಳೆಗಾಲ ಮುಗಿಯುವುದರೊಳಗೆ ಹಿಂದೂಸ್ಥಾನದ ದಂಡು ಬಂತು, ನಿಜಾಮನ ದರ್ಬಾರು ಮುಗಿಯಿತು. ಆ ದಿನಗಳಲ್ಲಿ ಏನೇನಾಯಿತೋ... ಕಂಡವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸುತ್ತಲಿನ ಊರುಗಳ ಅರಬರ ಕತ್ತಿ ಬಂದೂಕು ಕಸಿದು ಎಲ್ಲರನ್ನೂ ಒಂದು ಹತ್ತಿ ಗೋದಾಮಿನ ಅಂಗಳದಲ್ಲಿ ಕೂಡಿಹಾಕಿದರು. ಇಲ್ಲಿ ಹುಟ್ಟಿದವರನ್ನು ಬಿಡುತ್ತಾರೆ, ಹಡಗು ಹತ್ತಿ ಬಂದವರನ್ನು ಬೊಂಬಾಯಿಗೆ ಸಾಗಿಸಿ ಮತ್ತೆ ಹಡಗು ಹತ್ತಿಸುತ್ತಾರೆ ಎಂದು ಸುದ್ದಿಯಾಯಿತು.

ಜಮಾದಾರನ ಹೆಂಡತಿ ಸತ್ತು ವರ್ಷಗಳಾಗಿದ್ದವು. ಮಗಳೊಬ್ಬಳು, ನನಗಿಂತ ತುಸು ದೊಡ್ಡವಳು. ಅವಳನ್ನು ದೇವದುರ್ಗದ ಅರಬನೊಬ್ಬನ ಮಗನಿಗೆ ಗೊತ್ತುಮಾಡಿದ್ದರು. ನಮ್ಮದು ಬೆರಕೆ ಇಲ್ಲದ ಮನೆತನ ಎಂದು ಎದೆ ಸೆಟೆಸುವ ಬೀಗ ಅವನು. ಅಜ್ಜಿ ಆ ಹುಡುಗಿಯನ್ನೂ ನನ್ನನ್ನೂ ಎರಡು ಕೈಗೆ ಹಿಡಿದುಕೊಂಡು ಗೋದಾಮಿಗೆ ನಡೆದಳು.

ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮೇಜಿನ ಹಿಂದೆ ಬೇರೆ ಸೀಮೆಯ ಸಾಹೇಬ, ಅವನಿಗೆ ಕನ್ನಡ ಬಾರದು. ಪಕ್ಕದಲ್ಲಿ ನಮ್ಮ ಮಾತನ್ನು ಅವನಿಗೆ ತಿಳಿಸುವ ಮುನ್ಷಿ. ಜಮಾದಾರನ ಸರದಿ ಬಂದಾಗ ಅಜ್ಜಿ ಸಿಪಾಯಿಯ ತೋಳು ತಳ್ಳಿ ಮುಂದೆ ಹೋದಳು.

"ಇಂವ ಮಾನ್ವಿಯಾಗ ಹುಟ್ಯಾನ್ರಿ ಸಾಹೇಬ್ರ! ನನ್ನ ತಂಗಿ ಮಗ. ಈ ಕೈಲೇ ಹೆರಿಗಿ ಮಾಡೀನಿ. ಬಿಡ್ರಿ ಅವನ್ನ."

ಹಿಂದಿನಿಂದ ಯಾರೋ, "ಕೇರಿ ಮುದುಕಿ ತಂಗಿ ಮಗನಂತಲೇ ನಮ್ಮ ಜಮಾದಾರ!" ಎಂದು ನಕ್ಕ. ಮುನ್ಷಿ ಸಾಹೇಬನ ಕಿವಿಗೆ ಬಾಗಿ ತಿಳಿಸಿ, ಆಮೇಲೆ ಜಮಾದಾರನ ಕಡೆ ತಿರುಗಿದ.

"ಹೌದೇನ್ರಿ? ಈಕಿ ನಿಮ್ಮ ದೊಡ್ಡವ್ವನ?"

ಹೌದು ಎಂದಿದ್ದರೆ ಮನೆಗೆ ಬರುತ್ತಿದ್ದ. ಅವನ ಬೆನ್ನ ಹಿಂದೆಯೇ ದೇವದುರ್ಗದ ಬೀಗ ನಿಂತಿದ್ದ. ಜಮಾದಾರ ಅಜ್ಜಿಯನ್ನು ನೋಡಿದ, ಮಗಳನ್ನು ನೋಡಿದ.

"ಈ ಮುದುಕಿ ಯಾರೋ ನನಗ ಗೊತ್ತಿಲ್ಲ. ನಾ ಹದ್ರಮೌತಿನಾಂವ," ಎಂದ.

ಅವನ ಹಿಂದಿನ ಸರದಿ ಬೀಗನದು. ಅವನನ್ನು ಕೇಳುವ ಮೊದಲೇ, "ನಾ ದೇವದುರ್ಗದಾಗ ಹುಟ್ಟಿದಾಂವ್ರಿ, ನಮ್ಮವ್ವ ಅಲ್ಲಿಯಾಕೀನ," ಎಂದು ಕೈಮುಗಿದು ಹೇಳಿ, ಸಂಜೆಗೆ ಮನೆ ಸೇರಿದ.

ಮರುದಿನ ಲಾರಿ ಹತ್ತಿಸಿದರು. ನಾವು ಮೂವರೂ ರಸ್ತೆಯಲ್ಲಿ ನಿಂತಿದ್ದೆವು. ಹೋಟೆಲಿನವರು, ಗಿರಣಿಯವರು, ಅರ್ಧ ಊರೇ ಬಂದಿತ್ತು. ಲಾರಿ ಕದಲಿದಾಗ ಜಮಾದಾರ ಹಲಗೆ ಹಿಡಿದು ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ.

"ದೊಡ್ಡವ್ವಾ! ಯವ್ವಾ ದೊಡ್ಡವ್ವಾ! ಹುಡುಗೀನ ಬಿಡಬ್ಯಾಡ ಬೇ!"

ಎಲ್ಲರೂ ಕೇಳಿದರು. ಸಾಹೇಬನೂ ಅಲ್ಲೇ ಇದ್ದ, ಅವನಿಗೆ ಭಾಷೆ ತಿಳಿಯಲಿಲ್ಲ. ಮುನ್ಷಿಗೆ ತಿಳಿಯಿತು, ಅವನು ತಲೆ ತಗ್ಗಿಸಿದ. ಅಜ್ಜಿ ಅಳಲಿಲ್ಲ. "ಈಗ ಬಾಯಿ ಬಂತು ಹಡಬಿಟ್ಟಿಗೆ," ಎಂದಳು. ಹುಡುಗಿಯ ಕೈ ಹಿಡಿದು ಮನೆಗೆ ನಡೆದಳು.

ಅವನು ಮಗಳ ಲಗ್ನ ಉಳಿಸಲು ಹಾಗೆ ಹೇಳಿದ ಎನ್ನುವವರಿದ್ದರು. ನಮ್ಮ ಕೇರಿಯವಳ ಮಗ ಎನ್ನಲು ನಾಚಿಕೆಪಟ್ಟ ಎಂದು ಅಜ್ಜಿ ಸಾಯುವ ತನಕ ಬೈದಳು. ಎರಡೂ ಇದ್ದಿರಬೇಕು. ಲಗ್ನವಂತೂ ಉಳಿಯಲಿಲ್ಲ. ಜಮಾದಾರಿಕೆಯೇ ಹೋದ ಮೇಲೆ ಅವನ ಮಗಳು ಬೀಗನಿಗೆ ಯಾಕೆ ಬೇಕು? ಅವಳು ನಮ್ಮಲ್ಲೇ ಬೆಳೆದಳು. ನಮ್ಮ ಮನೆಯಲ್ಲೇ ನಮಾಜು ಮಾಡಿದಳು, ನಮ್ಮೊಂದಿಗೆ ಕೂಲಿಗೆ ಬಂದಳು. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಅವನು ಊರು ಮುಟ್ಟಿದನೋ, ಹಡಗಿನಲ್ಲೇ ಸತ್ತನೋ, ಒಂದು ಸುದ್ದಿಯೂ ಬರಲಿಲ್ಲ...

ಈಗ ಟಿವಿಯಲ್ಲಿ ಯೆಮನ್ ಎಂದು ತೋರಿಸುತ್ತಾರೆ. ಹದ್ರಮೌತ್ ಅದರಲ್ಲೇ ಇದೆ ಎಂದು ಮೊಮ್ಮಗ ಹೇಳಿದ್ದಾನೆ. ಬಿದ್ದ ಗೋಡೆಗಳು, ಎಲುಬು ಕಾಣುವ ಮಕ್ಕಳು. ಮೊದಲು ನಾನೂ ಜಮಾದಾರನ ಮಗಳೂ ಕೂತು ನೋಡುತ್ತಿದ್ದೆವು. ಮುದುಕರ ಮುಖ ಕಂಡರೆ ಅವಳು ಪರದೆಯ ಹತ್ತಿರ ಹೋಗುತ್ತಿದ್ದಳು. "ಹುಚ್ಚಿ, ಅಂವ ಇದ್ರ ನೂರು ದಾಟಿರತಿದ್ದ, ಕುಂಡ್ರು," ಎಂದು ಗದರುತ್ತಿದ್ದೆ. ಹೋದ ಮಳೆಗಾಲದಲ್ಲಿ ಅವಳೂ ಸತ್ತಳು. ನಾನು ಈಗ ಆ ಸುದ್ದಿ ಬಂದರೆ ಟಿವಿ ಆರಿಸಲು ಹೇಳುತ್ತೇನೆ. ಅಲ್ಲಿ ಹುಡುಕುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.